ಜಿಂಕೆಗೆ ಬೆನ್ನು ಹಾಕಿ ಕೂತವರು

ಮಿಲ್‌ಸ್ಟೋನ್ ರನ್, ಪೆನ್ಸಿಲ್ವೇನಿಯಾ
ಡಿಸೆಂಬರ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ

ಪ್ರೀತಿಯ ನೋರೀನ್ ಅಕ್ಕಾ,

ಪ್ರೀತಿಯ ಅಂತ ಬರೆಯುವುದು ರೂಢಿ, ಹಾಗಾಗಿ ಬರೆದಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಹೇಗಿದ್ದೀಯ ಹೇಳು. ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಬಿದ್ದು ಕೈ ಸುಟ್ಟುಕೊಂಡೆ ಅಂತ ಅಮ್ಮ ಹೇಳಿದಳು. ಗಾಯ ಮಾಯಿತಾ? ಆ ಕೆಮ್ಮು ನಿಂತಿತಾ? ಸರೋವರದ ಮೇಲೆ ಈಗ ಗಾಳಿ ಕೆಟ್ಟದಾಗಿರುತ್ತದಂತೆ. ಅದಿರು ತುಂಬಿದ ದೊಡ್ಡ ಹಡಗೊಂದು ಅಲೆಗೆ ಸಿಕ್ಕಿ ವಾಲಾಡುವುದನ್ನು ಟೀವಿಯಲ್ಲಿ ತೋರಿಸಿದರು, ಅಮ್ಮ ಎದ್ದು ಹೋಗಿ ಟೀವಿ ಆರಿಸಿ ಬಂದಳು. ಇಪ್ಪತ್ತು ಜನರಿಗೆ ಬೇಯಿಸಿ ಹಾಕುವವಳು ನೀನು, ಕೊನೆಗೆ ನಿಂತುಕೊಂಡೇ ಎರಡು ತುತ್ತು ತಿಂದು ಮಲಗುತ್ತೀಯ ಅಂತ ನನಗೆ ಗೊತ್ತು. ಕೂತು ತಿನ್ನು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ, ಇಲ್ಲ ನಿಮ್ಮ ಹಡಗು ಸಿಗ್ನಲ್ ಇಲ್ಲದ ಕಡೆ ಹೋಗಿರುತ್ತದೆ. ಪತ್ರದ ಮಧ್ಯೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ. ಡೆಟ್ರಾಯ್ಟ್ ನದಿಯಲ್ಲಿ ಅಂಚೆ ದೋಣಿ ಪಕ್ಕಕ್ಕೆ ಬಂದಾಗ ಬಕೆಟ್ ಇಳಿಬಿಟ್ಟು ಪತ್ರ ಎಳೆದುಕೊಳ್ಳುತ್ತೇವೆ ಅಂತ ನೀನೇ ಹೇಳಿದ್ದೆ. ಇದೂ ಅದೇ ಬಕೆಟ್ಟಿನಲ್ಲಿ ಬರಲಿ. ಇವತ್ತು ಭಾನುವಾರ, ಕಾನೂನಿನ ಪ್ರಕಾರ ಬೇಟೆ ಇಲ್ಲ, ಅದಕ್ಕೇ ಕೈ ಖಾಲಿಯಿದೆ.

ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಎದ್ದು ಓಡಾಡುತ್ತಾಳೆ. ಚರ್ಚಿನ ಊಟಕ್ಕೆ ಅಂತ ದಿನವಿಡೀ ಕೋಸಿನ ಎಲೆಯಲ್ಲಿ ಕೈಮಾ ಸುತ್ತಿ ಹಲುಪ್ಕಿ ಮಾಡಿದಳು, ಮನೆಯಲ್ಲಿ ಉಳಿದದ್ದನ್ನು ಇಬ್ಬರೂ ಮೂರು ದಿನ ತಿಂದೆವು. ಅಪ್ಪನ ಕುರ್ಚಿಯನ್ನು ಹಿತ್ತಿಲ ಶೆಡ್ಡಿಗೆ ಹಾಕಿಸಿದಳು, ಮಾರನೇ ದಿನ ವಾಪಸ್ ತರಿಸಿದಳು. ಈಗ ಅದರ ಮೇಲೆ ಒಗೆದ ಬಟ್ಟೆ ಇಡುತ್ತಾಳೆ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಆಚೆ ಬಂದು ನಿಂತು, "ಟವೆಲ್ ಇದ್ಯೇನೋ?" ಅನ್ನುತ್ತಾಳೆ. ಇದೆ ಅಂದರೆ ಸ್ವಲ್ಪ ಹೊತ್ತು ಬಿಟ್ಟು, "ಸೋಪು?" ಅನ್ನುತ್ತಾಳೆ. ಸೋಪಿದೆ, ನೀರಿದೆ, ನಾನೂ ಇದ್ದೇನೆ ಅಂತ ಒಂದು ದಿನ ಕೂಗಿದೆ. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಎತ್ತಿ ಇಟ್ಟಳು. ನಾನು ಮಿಲ್ಲಿಗೆ ಹೋಗುತ್ತೇನೆ, ಹಲಗೆ ಪೇರಿಸುತ್ತೇನೆ, ಬರುತ್ತೇನೆ. ಹೇಗಿದ್ದೀಯ ಅಂತ ನೀನು ಕೇಳುತ್ತೀಯ. ಹಲ್ಲು ಕೀಳಿಸಿದ ದಿನ ದವಡೆ ಮರಗಟ್ಟಿರುತ್ತದಲ್ಲ, ನಮ್ಮದೇ ಕೆನ್ನೆ ಬೇರೆ ಯಾರದೋ ಅನ್ನಿಸುತ್ತದಲ್ಲ, ಹಾಗೆ. ಮಾರ್ಚ್ ತಿಂಗಳಿಂದ ಹಾಗೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ "ಆ ವಿಷಯ" ಅನ್ನುತ್ತಾರೆ, "ಮಾರ್ಚಲ್ಲಿ ಆದದ್ದು" ಅನ್ನುತ್ತಾರೆ. ನಾನು ಬಿಡಿಸಿ ಬರೆಯುತ್ತೇನೆ. ಅಪ್ಪ ತನ್ನ ಕೋವಿಯಿಂದ ತನ್ನ ಜೀವ ತೆಗೆದುಕೊಂಡ. ಮಣ್ಣು ಮಾಡಿ ಬಂದ ಮಾರನೇ ದಿನ, ನೀನು ಇನ್ನೂ ಇಲ್ಲೇ ಇದ್ದೆ, ಸ್ಟೂಷ್ ಮಾಮ ಪಿಕಪ್ ತಂದು ಮನೆಯಲ್ಲಿದ್ದ ಕೋವಿಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿಕೊಂಡು ಹೋದ. "ಎಣ್ಣೆ ಹಾಕ್ಬಿಟ್ಟು ತಂದ್ಕೊಡ್ತೀನಿ ಕಣೋ," ಅಂದ. ಅಪ್ಪನ ಜೊತೆ ಜೀವಮಾನವೆಲ್ಲ ಒಂದೇ ಬಿಡಾರದಲ್ಲಿ ಬೇಟೆಗೆ ಕೂತ ಮನುಷ್ಯ, ನಾನು ಏನು ಹೇಳಲಿ. ಬೇಸಿಗೆ ಕಳೆಯಿತು. ಅಕ್ಟೋಬರಿನಲ್ಲಿ ಎಲೆ ಉದುರಲು ಶುರುವಾದಾಗ ಹೋಗಿ ಕೇಳಿದೆ. "ಎಣ್ಣೆ ಇನ್ನೂ ಆರಿಲ್ಲ," ಅಂದ. ಮುಖ ಅತ್ತ ತಿರುಗಿಸಿ ಅಂದ. ಮತ್ತೊಂದು ಸಲ ಹೋದಾಗ ಬೀಗದ ಕೈ ಕಳೆದಿದೆ ಅಂದ. ಅವುಗಳಲ್ಲಿ ಒಂದು ನನ್ನದೇ ಕೋವಿ, ನನಗೆ ಹನ್ನೆರಡು ತುಂಬಿದಾಗ ಅಪ್ಪ ಕೊಟ್ಟದ್ದು. ಕಳ್ಳನಿಗೆ ಹೇಳುವ ಹಾಗೆ ನನಗೆ ಸುಳ್ಳು ಹೇಳುತ್ತಾನೆ.

ಹಾಗಾದರೆ ಬೇರೆ ಕೊಂಡರಾಯಿತು ಅಂತ ಇರ್ವ್ ಕೆಸ್ಲರ್ ಅಂಗಡಿಗೆ ಹೋದೆ. ಇರ್ವಣ್ಣನೂ ನಮ್ಮ ಬಿಡಾರದವನೇ ಅಲ್ಲವಾ, ನನ್ನನ್ನು ಎತ್ತಿ ಆಡಿಸಿದವನು. ಗೋಡೆ ತುಂಬ ಹಳೆ ಕೋವಿ ನಿಲ್ಲಿಸಿದ್ದ. "ಅದು ಕೊಡು," ಅಂದೆ. "ಅದು ಮಾರಾಟ ಆಗಿದೆ." "ಇದು?" "ಇದು ಯಾರಿಗೋ ಮಾತು ಕೊಟ್ಬಿಟ್ಟಿದೀನಿ ಮರಿ." "ಮೂಲೇಲಿರೋದು?" "ಅದರ ಟ್ರಿಗರ್ ಸರಿ ಇಲ್ಲ." "ನಾನ್ ಸರಿ ಮಾಡ್ಕೋತೀನಿ." "ನಿಂಗ್ಯಾಕಪ್ಪ ಆ ತಲೆನೋವು? ಒಳ್ಳೆ ಮೀನಿನ ಗಾಳ ಬಂದಿದೆ, ತಗೊಂಡ್ ಹೋಗು. ಸುಮ್ನೆ ತಗೊಂಡ್ ಹೋಗು, ಕೊಡೋದೇನೂ ಬೇಡ." ನವೆಂಬರ್ ತಿಂಗಳಲ್ಲಿ ಮೀನಿನ ಗಾಳ. ನಾನು ಗೋಡೆ ಕಡೆ ನೋಡುತ್ತಾ ನಿಂತಿದ್ದಾಗಲೇ ಹೊರಗಿನ ಊರಿನವನೊಬ್ಬ ಬಂದು ಆ ಮೂಲೆಯ ಕೋವಿ ಕೇಳಿದ. ಇರ್ವಣ್ಣ ಅವನಿಗೂ ಇಲ್ಲ ಅಂದ, ನನ್ನ ಎದುರಿಗೆ ಸುಳ್ಳಾಗಬಾರದು ಅಂತ. ವ್ಯಾಪಾರ ಕೈಬಿಟ್ಟ. ಅವನ ಕಿವಿ ಕೆಂಪಾಗಿತ್ತು.

ಲೆನ್ನಿ ಮಿಲ್ಲಿನಲ್ಲಿ ನನ್ನ ಪಕ್ಕದಲ್ಲೇ ಹಲಗೆ ಎಳೆಯುವವನು. ಅವನ ಹತ್ತಿರ ಒಂದು ಹೆಚ್ಚಿನ ಕೋವಿ ಇದೆ, ಎರಡು ವಾರಕ್ಕೆ ಕೊಡು ಅಂದೆ. ಲೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನಿನಗೂ ಗೊತ್ತು. ಕೈಗವಸು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. "ನಿಮ್ಮಕ್ಕ ಫೋನ್ ಮಾಡಿ ಅತ್ಬಿಟ್ಳು ಕಣೋ. ಒಬ್ರೂ ಇವ್ನ ಕೈಗೆ ಕೋವಿ ಕೊಡ್ಬೇಡಿ ಅಂದ್ಳು. ನಾನೇನ್ ಮಾಡ್ಲಿ ಹೇಳು," ಅಂದ.

ಇದು ನನ್ನ ಸಿಟ್ಟು. ನೀನು ಡುಲೂತ್ ಬಂದರಿನಲ್ಲಿ ನಿಂತು ಸ್ಟೂಷ್‌ಗೆ ಫೋನ್ ಮಾಡಿದೆ, ಇರ್ವ್‌ಗೆ ಮಾಡಿದೆ, ಲೆನ್ನಿಗೆ ಮಾಡಿದೆ. ಲೆನ್ನಿಯ ಹತ್ತಿರ ಅತ್ತೆ. ನನಗೆ ಫೋನ್ ಮಾಡಿ ಕೇಳಲಿಲ್ಲ. ಊರಿಗೆ ಊರೇ ನನ್ನ ಹಿಂದೆ ಮಾತಾಡಿಕೊಂಡು, ಎದುರಿಗೆ ಮೀನಿನ ಗಾಳ ಕೊಡುತ್ತದೆ. ನಾನು ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಇರಬಹುದು, ದಡ್ಡ ಅಲ್ಲ. ಅಪ್ಪ ಮಾಡಿದ್ದನ್ನು ನಾನೂ ಮಾಡುತ್ತೇನೆ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೀರಿ. ನನಗೆ ಬೇಕಾಗಿದ್ದದ್ದು ಬೇಟೆ ಶುರುವಾಗುವ ಸೋಮವಾರ ಬೆಳಿಗ್ಗೆ ಬಿಡಾರದಿಂದ ಎಲ್ಲರ ಜೊತೆ ಕೋವಿ ಹಿಡಿದು ಹೊರಡುವುದು, ಅಷ್ಟೇ. ಕೋವಿ ಇಲ್ಲದವನು ಬಿಡಾರದಲ್ಲಿ ಉಳಿದು ಬೀನ್ಸ್ ಬೇಯಿಸಬೇಕು. ಹನ್ನೆರಡು ತುಂಬದ ಹುಡುಗರು ಹಾಗೆ ಉಳಿಯುತ್ತಾರೆ. ನಾನು ಉಳಿಯುವುದಿಲ್ಲ ಅಂತ ತೀರ್ಮಾನಿಸಿದೆ. ಅಲ್ಲದೆ ಫ್ರೀಜರ್ ಖಾಲಿಯಿದೆ. ಅಂಗಡಿಯ ಮಾಂಸ ಅಮ್ಮನಿಗೆ ಸೇರುವುದಿಲ್ಲ.

ನಿನ್ನ ಫೋನ್ ಹೋಗದ ಮನೆ ಒಂದಿತ್ತು. ಕಲ್ಲು ಕ್ವಾರಿ ದಾಟಿ ಆಚೆ ಆಮಿಷ್ ಜನರ ಮನೆಗಳಿವೆಯಲ್ಲ, ಧರ್ಮದ ಕಟ್ಟಳೆ ಅಂತ ಅವರಲ್ಲಿ ಯಾರ ಮನೆಯಲ್ಲೂ ಫೋನ್ ಇಲ್ಲ. ಮೆನ್ನೋ ಹರ್ಷ್‌ಬರ್ಗರ್ ಅಂತ, ಕುರ್ಚಿ ಮಾಡುವವನು, ದಾರಿ ಬದಿಗೆ ಹಲಗೆ ನೆಟ್ಟಿದ್ದಾನೆ: ಜೇನು, ಕುರ್ಚಿ, ಒಂದು ಕೋವಿ, ಭಾನುವಾರ ವ್ಯಾಪಾರ ಇಲ್ಲ. ಮಿಲ್ಲಿನ ಲಾರಿಯಲ್ಲಿ ಹೋಗುವಾಗ ಕಂಡಿತು. ಅವತ್ತೇ ಸಂಜೆ ಬೆಳಕಿರುವಾಗಲೇ ಹೋದೆ. ಕುದುರೆಗಾಡಿಯ ಚಕ್ರಕ್ಕೆ ಗ್ರೀಸ್ ಹಚ್ಚುತ್ತಿದ್ದ. ಗಡ್ಡ ಎದೆಯವರೆಗೆ, ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. "ಯಾಕೆ ಮಾರ್ತಾ ಇದೀರಿ?" ಅಂದೆ. "ಕಣ್ಣು ಕಾಣ್ಸಲ್ಲ ಕಣಪ್ಪ. ಹೋದ್ ವರ್ಷ ಒಂದ್ ಜಿಂಕೆಗೆ ಬಹಳ ಹೊತ್ತು ಗುರಿ ಇಟ್ಕೊಂಡ್ ಕೂತಿದ್ದೆ. ಆಮೇಲೆ ಅದು ನಮ್ಮ ತಮ್ಮನ ಕರು ಅಂತ ಗೊತ್ತಾಯ್ತು. ಅದೇ ಅಂಬಾ ಅಂದು ಬಚಾವಾಯ್ತು," ಅಂದ. ನಗಲಿಲ್ಲ. ಅವನ ಹೆಂಡತಿ ಒಳಗಿಂದ ನಕ್ಕಳು.

ಗೋಣಿಚೀಲದಿಂದ ತೆಗೆದುಕೊಟ್ಟ. ಒಂಟಿ ಗುಂಡಿನ ಕೋವಿ, ನಡು ಮುರಿದು ತೆರೆಯುವಂಥದ್ದು. ಒಂದು ಗುಂಡು ಹಾಕು, ಮುಚ್ಚು, ಹೊಡೆ, ಮತ್ತೆ ಮುರಿದು ಇನ್ನೊಂದು ಹಾಕು. ಎರಡನೇ ಗುಂಡು ಹಾಕುವಷ್ಟರಲ್ಲಿ ಜಿಂಕೆ ಪಕ್ಕದ ಜಿಲ್ಲೆಯಲ್ಲಿರುತ್ತದೆ. ಅದಕ್ಕೇ ಇದನ್ನು ಹುಡುಗರ ಕೋವಿ ಅನ್ನುತ್ತಾರೆ. ಹಳೆ ಕೋವಿ ಕೊಳ್ಳುವಾಗ ಮಾರುವವನ ಮುಖ ನೋಡಬೇಡ, ನಳಿಗೆಯ ಒಳಗೆ ನೋಡು ಅಂತ ಅಪ್ಪ ಹೇಳುತ್ತಿದ್ದ. ಮುರಿದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ಬೆಳಕು ಸುತ್ತಿಕೊಂಡು ಹೋಗುತ್ತಿತ್ತು, ತುಕ್ಕು ಇರಲಿಲ್ಲ. ಮುಚ್ಚಿ ಅಲ್ಲಾಡಿಸಿದೆ, ಕೀಲು ಸದ್ದು ಮಾಡಲಿಲ್ಲ. ಹಿಂಬದಿಯ ಸುತ್ತಿಗೆಯನ್ನು ಎಳೆದು ಹೆಬ್ಬೆರಳಲ್ಲಿ ಮೆಲ್ಲಗೆ ಇಳಿಸಿದೆ, ಬಿಗಿಯಾಗಿತ್ತು. ಹೆಗಲಿಗೆ ಒರಗುವ ಮರ ಒಮ್ಮೆ ಸೀಳಿತ್ತು, ಮೆನ್ನೋ ಅದಕ್ಕೆ ಕುರ್ಚಿಗೆ ಹಾಕುವಂಥ ಮರದ ಮೊಳೆ ಹಾಕಿ ಅಂಟಿಸಿದ್ದ, ಬೆರಳಾಡಿಸಿದರೂ ಗೊತ್ತಾಗುವುದಿಲ್ಲ. ಅಪ್ಪ ಹೋದ ಮೇಲೆ ನಾನು ಕೋವಿ ಮುಟ್ಟಿದ್ದು ಅದೇ ಮೊದಲು. ಏನಾದರೂ ಆಗಬಹುದು ಅಂತ ಕಾದೆ. ಏನೂ ಆಗಲಿಲ್ಲ. ಕಬ್ಬಿಣ ತಣ್ಣಗಿತ್ತು, ಅಷ್ಟೇ.

"ಒಂದೇ ಗುಂಡು," ಅಂದ ಮೆನ್ನೋ. "ತಪ್ಪಿದ್ರೆ ಒಳ್ಳೇದು. ಮನೆಗ್ ಹೋಗಿ ಬಿಸಿ ಕಾಫಿ ಕುಡೀಬಹುದು." ಆಮೇಲೆ ಕನ್ನಡಕ ಒರೆಸಿಕೊಂಡು, "ಯಾರ ಮಗ ನೀನು?" ಅಂದ. ಹುದಾಕ್ ಅಂತ ಅಪ್ಪನ ಮನೆತನದ ಹೆಸರು ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಫೋನ್ ಇಲ್ಲದಿದ್ದರೂ ಕುದುರೆಗಾಡಿಯಲ್ಲಿ ಸುದ್ದಿ ಬಂದಿರುತ್ತದೆ. "ಪೀಟರ್ಸನ್ ಕಡೆಯವನು," ಅಂದೆ. ಅದು ಅಮ್ಮನ ತವರಿನ ಹೆಸರು, ಪೂರ್ತಿ ಸುಳ್ಳಲ್ಲ. ಅವನು ನನ್ನ ಮುಖದ ಹತ್ತಿರ ಬಗ್ಗಿ ನೋಡಿದ. ಕಣ್ಣು ಕಾಣದವನು ಏನು ನೋಡುತ್ತಾನೆ ಅಂದುಕೊಂಡೆ. "ಒಳ್ಳೆ ಜನ," ಅಂದ. ಕೋವಿಗೆ ಬದಲಾಗಿ ಅಪ್ಪನ ಮರ ಕೊಯ್ಯುವ ಯಂತ್ರದ ಗರಗಸ ಕೊಟ್ಟೆ. ಬೈಯಬೇಡ. ನಾನು ಮುಟ್ಟಿದಾಗೆಲ್ಲ ಅಮ್ಮ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಮನೆಯಿಂದ ಹೋಗಿದ್ದೇ ಒಳ್ಳೆಯದಾಯಿತು. ಮೆನ್ನೋನ ಹೆಂಡತಿ ಒಂದು ಸೀಸೆ ಜೇನು ಸುಮ್ಮನೆ ಕೊಟ್ಟಳು, ಅದು ಅಮ್ಮನ ಹತ್ತಿರ ಇದೆ.

ಬೇಟೆ ಶುರುವಾಗುವ ಹಿಂದಿನ ದಿನ ಬಿಡಾರಕ್ಕೆ ಹೋದೆ. ಒಲೆ ಉರಿಯುತ್ತಿತ್ತು, ಸ್ಟೂಷ್ ಮಾಮ, ಇರ್ವಣ್ಣ, ಲೆನ್ನಿ ಮೂವರೂ ಇಸ್ಪೀಟು ಆಡುತ್ತಿದ್ದರು. ನಾನು ಕೋವಿ ಹಿಡಿದು ಬಾಗಿಲಲ್ಲಿ ನಿಂತೆ. ಲೆನ್ನಿ ಬಾಯಿ ಬಿಟ್ಟು, "ಹುಡುಗರ ಕೋವಿ ತಂದಿದೀಯಲ್ಲೋ, ಹಾಲಿನ ಬಾಟ್ಲು ಎಲ್ಲಿ?" ಅಂತ ಶುರು ಮಾಡಿದವನು ಸ್ಟೂಷ್ ಮಾಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಇರ್ವಣ್ಣ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟ. "ಎಲ್ ಸಿಕ್ತು?" ಅಂದ ಸ್ಟೂಷ್ ಮಾಮ. "ಕೊಂಡೆ," ಅಂದೆ. "ಯಾರ್ ಕೊಟ್ರು?" "ನಿಮ್ಮಷ್ಟು ಸುಳ್ಳು ಹೇಳಕ್ಕೆ ಬರದೇ ಇರೋರು." ಅವನು ಕೈ ಚಾಚಿದ. ಕೊಡಲೋ ಬೇಡವೋ ಅಂತ ನಿಂತೆ, ಕೊನೆಗೆ ಕೊಟ್ಟೆ. ಮುರಿದು ಒಲೆಯ ಬೆಳಕಿಗೆ ಹಿಡಿದು ನೋಡಿದ, ಅಪ್ಪನ ಹಾಗೇ, ಒಂದು ಕಣ್ಣು ಮುಚ್ಚಿ. ಬಹಳ ಹೊತ್ತು ನೋಡಿದ. "ನಳಿಗೆ ಚೆನ್ನಾಗಿದೆ," ಅಂದು ವಾಪಸ್ ಕೊಟ್ಟ. ಅಪ್ಪನ ಮಂಚದ ಮೇಲೆ ಯಾರೂ ಮಲಗಿರಲಿಲ್ಲ, ಕಂಬಳಿ ಮಡಿಸಿಟ್ಟಿದ್ದರು. ನಾನು ನನ್ನ ಮಾಮೂಲಿ ಮೇಲಿನ ಮಂಚ ಹತ್ತಿದೆ. ಸ್ಟೂಷ್ ಮಾಮ ತನ್ನ ಹಾಸಿಗೆಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡ. ಒಲೆಯ ಹತ್ತಿರ ಬೆನ್ನು ಬೇಯುತ್ತದೆ ಅಂದ.

ಸೋಮವಾರ ಹಿಮ ಬಿದ್ದಿತ್ತು, ಬೇಟೆಗೆ ಹೇಳಿ ಮಾಡಿಸಿದ ಬೆಳಗು. ನಾನು ಬೀಚ್ ಮರಗಳ ದಿಣ್ಣೆಯ ಮೇಲೆ ಕೂತೆ, ಅಪ್ಪ ನನ್ನನ್ನು ಮೊದಲ ಸಲ ಕೂರಿಸಿದ ಜಾಗ. ಬೆಳಕು ಹರಿಯಿತು. ಕೆಳಗೆ ಹೆಮ್ಲಾಕ್ ಮರದ ಬುಡದಲ್ಲಿ ಕಿತ್ತಳೆ ಟೋಪಿಯೊಂದು ಕಂಡಿತು, ಸ್ಟೂಷ್ ಮಾಮ. ಎಡಗಡೆ ದಿಣ್ಣೆಯಲ್ಲಿ ಇನ್ನೊಂದು ಟೋಪಿ, ಇರ್ವಣ್ಣ. ಬಲಗಡೆ ಬಿದ್ದ ಮರದ ಮೇಲೆ ಲೆನ್ನಿ. ಅಷ್ಟು ದೊಡ್ಡ ಕಾಡಿನಲ್ಲಿ ಮೂವರಿಗೂ ಇದೇ ಜಾಗ ಸಿಕ್ಕಿತೇ ಅಂದುಕೊಂಡೆ. ಆಮೇಲೆ ಸರಿಯಾಗಿ ನೋಡಿದೆ ಅಕ್ಕಾ. ಮೂವರೂ ಜಿಂಕೆ ಬರುವ ಕಣಿವೆಗೆ ಬೆನ್ನು ಹಾಕಿ ಕೂತಿದ್ದರು. ಮೂವರ ಮುಖವೂ ನನ್ನ ಕಡೆಗಿತ್ತು. ವರ್ಷವೆಲ್ಲ ಈ ಒಂದು ಬೆಳಿಗ್ಗೆಗಾಗಿ ಕಾಯುವ ಗಂಡಸರು. ಹೆಂಡತಿಯ ಹೆರಿಗೆ ಬಿಟ್ಟು ಬಂದವನು ಇರ್ವಣ್ಣ, ಆ ಕಥೆಯನ್ನು ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅಂಥವರು ಕೋವಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ನನ್ನನ್ನು ನೋಡುತ್ತಾ ಕೂತಿದ್ದಾರೆ. ನನಗೆ ಬಂದ ಸಿಟ್ಟಿಗೆ ಹಲ್ಲು ನೋಯಿತು. ಇಳಿದು ಹೋಗಿ, "ಜಿಂಕೆ ಆ ಕಡೆ ಬರತ್ತೆ ಮಾಮ," ಅಂದೆ. "ನಂಗ್ ಈ ಕಡೇನೇ ಬೆಳಕು ಚೆನ್ನಾಗಿದೆ, ಹೋಗ್ ಕೂತ್ಕೋ," ಅಂದ. ವಾಪಸ್ ಬಂದು ಕೂತೆ.

ಆಮೇಲೆ ಆದದ್ದನ್ನು ನೀನು ನಂಬುವುದಿಲ್ಲ. ಕಣಿವೆಯಿಂದ ಒಂದು ಗಂಡು ಜಿಂಕೆ ಹತ್ತಿ ಬಂತು. ಕೊಂಬು ಎಷ್ಟಿತ್ತೆಂದರೆ ತಲೆ ಎತ್ತುವುದೇ ಅದಕ್ಕೆ ಕೆಲಸ ಅನ್ನುವ ಹಾಗಿತ್ತು. ಬಂದು ಸ್ಟೂಷ್ ಮಾಮನ ಬೆನ್ನ ಹಿಂದೆ ನಿಂತಿತು, ಇವನು ಕೈ ಹಿಂದೆ ಚಾಚಿದ್ದರೆ ಮೂತಿಗೆ ತಾಗುತ್ತಿತ್ತೋ ಏನೋ. ನಾನು ಕೋವಿ ಎತ್ತಲಿಲ್ಲ, ಹೇಗೆ ಎತ್ತಲಿ, ನಡುವೆ ಮನುಷ್ಯ ಇದ್ದಾನೆ. ಗದ್ದ ಎತ್ತಿ ಹಿಂದೆ ನೋಡು ಅಂತ ತೋರಿಸಿದೆ. ನೋಡಲಿಲ್ಲ. ಬೆರಳು ತೋರಿಸಿದೆ. ತಲೆ ಅಡ್ಡಡ್ಡ ಅಲ್ಲಾಡಿಸಿದ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ, ಅವನ ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನು ಆ ಕಡೆ ತಿರುಗಿದ ಕ್ಷಣಕ್ಕೆ ನಾನು ಏನೋ ಮಾಡಿಕೊಂಡುಬಿಡುತ್ತೇನೆ ಅಂತ, ಅದಕ್ಕೇ ಅವನನ್ನು ತಿರುಗಿಸಲು ನೋಡುತ್ತಿದ್ದೇನೆ ಅಂತ ಅಂದುಕೊಂಡಿದ್ದ. ಜಿಂಕೆ ಸಾವಕಾಶ ನಿಂತು ಎಲೆ ಮೂಸಿ, ಬಿಳಿ ಬಾಲ ಎತ್ತಿ ಹೊರಟುಹೋಯಿತು.

ನಾನು ಹೋಗಿ ಅವನ ತೋಳು ಹಿಡಿದು ಎಬ್ಬಿಸಿ, ಹಿಂದೆ ತಿರುಗಿಸಿ, ಹಿಮದ ಮೇಲಿನ ಹೆಜ್ಜೆ ತೋರಿಸಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಮುದುಕ ಅಂದೆ, ಕುರುಡ ಅಂದೆ, ನನ್ನ ಅಪ್ಪನಾಗಲು ಬರಬೇಡ ಅಂದೆ. ಲೆನ್ನಿ ಓಡಿ ಬಂದವನು ಹೆಜ್ಜೆಯ ಅಗಲ ನೋಡಿ ಟೋಪಿ ತೆಗೆದ. ಸ್ಟೂಷ್ ಮಾಮ ಹೆಜ್ಜೆ ನೋಡಿದ, ನನ್ನನ್ನು ನೋಡಿದ, ಆಮೇಲೆ ಹಿಮದ ಮೇಲೇ ಕೂತುಬಿಟ್ಟ. "ಹೋದ್ ವರ್ಷ ಎಮಿಲ್ ನನ್ ಪಕ್ಕದಲ್ಲೇ ಕೂತಿದ್ನಲ್ಲೋ," ಅಂದ. ಅಪ್ಪನನ್ನು ಅವನು ಹೆಸರು ಹಿಡಿದು ಕರೆದದ್ದು ಮಾರ್ಚ್ ಆದ ಮೇಲೆ ಅದೇ ಮೊದಲು. "ಎರಡ್ ವಾರ ಪೂರ್ತಿ ಇಲ್ಲೇ ಕೂತಿದ್ದ. ಒಂದ್ ಮಾತಾಡ್ತಿರ್ಲಿಲ್ಲ. ನಾನು ಜಿಂಕೆ ನೋಡ್ತಾ ಕೂತಿದ್ದೆ. ಅವ್ನ್ ಮುಖ ನೋಡ್ಲಿಲ್ಲ ನಾನು." ಆಮೇಲೆ, "ಜಿಂಕೆ ಹೋಗ್ಲಿ ಬಿಡು," ಅಂದ. ಕೈ ಕೊಟ್ಟು ಎಬ್ಬಿಸಿದೆ. ಅವನ ಪ್ಯಾಂಟು ಒದ್ದೆಯಾಗಿತ್ತು, ಬಿಡಾರಕ್ಕೆ ನಡೆಯುವಾಗ ಅದು ಹಲಗೆಯಂತೆ ಹೆಪ್ಪುಗಟ್ಟಿ ಟಪಟಪ ಸದ್ದು ಮಾಡುತ್ತಿತ್ತು.

ಬುಧವಾರ ನಾನು ಒಂದು ಜಿಂಕೆಗೆ ಹೊಡೆದೆ. ತಪ್ಪಿತು. ನೆಟ್ಟಗೆ ನಿಂತ ಜಿಂಕೆ, ಹತ್ತಿರದಲ್ಲೇ, ಸ್ಕೂಲು ಹುಡುಗ ಕೂಡ ಹೊಡೆಯಬಹುದಾದದ್ದು. ಗುಂಡು ಬರ್ಚ್ ಮರಕ್ಕೆ ಬಿತ್ತು. ಎರಡನೇ ಗುಂಡಿಗೆ ಕೋವಿ ಮುರಿಯುವಷ್ಟರಲ್ಲಿ ಬಾಲ ಮಾತ್ರ ಕಂಡಿತು. ಬಿಡಾರಕ್ಕೆ ಬಂದು ಹೇಳಿದೆ. ನಮ್ಮ ಬಿಡಾರದಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂಬದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಾರೆ, ಅದಕ್ಕೆ ಯಾರಿಗೂ ಮಾಫಿ ಇಲ್ಲ. ಪಾದ್ರಿಯ ಅಂಗಿಯ ತುಂಡೂ ಆ ಗೋಡೆಯಲ್ಲಿದೆ, ಅಪ್ಪನದು ಎಷ್ಟೋ ಇವೆ. ಅವತ್ತು ಯಾರೂ ಚಾಕು ತೆಗೆಯಲಿಲ್ಲ. "ಗಾಳಿ ಇತ್ತು ಬಿಡು," ಅಂದ ಇರ್ವಣ್ಣ. "ಹೊಸ ಕೋವಿ, ಕೈ ಕೂತಿರಲ್ಲ," ಅಂದ ಲೆನ್ನಿ. ಗಾಳಿ ಇರಲಿಲ್ಲ. ಗಾಜಿನ ಪಾತ್ರೆ ಎತ್ತಿ ಇಡುವ ಹಾಗೆ ನನ್ನನ್ನು ಇಡುತ್ತಿದ್ದರು. ನಾನು ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಬೆನ್ನು ತಿರುಗಿಸಿ ನಿಂತು, "ಕುಯ್ಯಿ," ಅಂದೆ. ಯಾರೂ ಅಲುಗಾಡಲಿಲ್ಲ. "ಕುಯ್ತೀಯೋ ಇಲ್ಲ ನಾನೇ ಕುಯ್ಕೊಳ್ಲೋ?" ಅಂದೆ. ಅದು ಆಡಬಾರದ ಮಾತು ಅಂತ ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು. ಆಗ ಲೆನ್ನಿ ಎದ್ದು ಬಂದ. ಮೀನು ಕುಯ್ಯುವ ಚಾಕು, ಮೊಂಡು. ಎಳೆದು ಎಳೆದು, ಸೊಟ್ಟಪಟ್ಟ, ಬೆನ್ನಿನ ಅರ್ಧದವರೆಗೂ ಕತ್ತರಿಸಿದ. "ಇದೇನೋ ಇದು, ಅಂಗಿ ತೊಳೆದು ಯಾವ್ ಕಾಲ ಆಯ್ತು? ಜಿಂಕೆ ವಾಸನೆಗೇ ಓಡಿರತ್ತೆ," ಅಂದ. ಇರ್ವಣ್ಣ ನಕ್ಕ. ಸ್ಟೂಷ್ ಮಾಮ ಮೊಳೆ ಹೊಡೆದ, ಮೂರು ಸಲ ಬೆರಳಿಗೆ ಹೊಡೆದುಕೊಂಡ, ಅದಕ್ಕೂ ನಕ್ಕರು. ಖುಷಿಯಾಯಿತು ಅಂತ ನಾನು ಬರೆಯುವುದಿಲ್ಲ, ಹಾಗೇನೂ ಆಗಲಿಲ್ಲ. ಹಸಿವಾಯಿತು. ಬೀನ್ಸ್ ಎರಡು ತಟ್ಟೆ ತಿಂದೆ, ರುಚಿ ಗೊತ್ತಾಯಿತು. ಉಪ್ಪು ಜಾಸ್ತಿ ಹಾಕಿದ್ದ ಇರ್ವಣ್ಣ. ಗುರುವಾರದಿಂದ ಸ್ಟೂಷ್ ಮಾಮ ನನ್ನ ಪಕ್ಕದಲ್ಲೇ ಕೂರುತ್ತಾನೆ, ಇಬ್ಬರೂ ಒಂದೇ ಮರಕ್ಕೆ ಒರಗಿ ಕಣಿವೆ ಕಡೆಗೆ ನೋಡುತ್ತೇವೆ. ಅವನು ಗೊರಕೆ ಹೊಡೆಯುತ್ತಾನೆ, ಅದಕ್ಕೇ ಒಂದು ಜಿಂಕೆಯೂ ಬರುತ್ತಿಲ್ಲ.

ಇನ್ನೊಂದು ವಾರ ಇದೆ. ಸಿಕ್ಕರೆ ಒಣ ಮಾಂಸ ಮಾಡಿ ನೀನು ಜನವರಿಯಲ್ಲಿ ಹಡಗನ್ನು ಚಳಿಗಾಲಕ್ಕೆ ದಡಕ್ಕೆ ಕಟ್ಟಿ ಬರುವ ಹೊತ್ತಿಗೆ ಇಟ್ಟಿರುತ್ತೇನೆ. ಸಿಗದಿದ್ದರೆ ಹಲುಪ್ಕಿ ತಿನ್ನು. ಸರೋವರ ನಿನ್ನನ್ನು ನೆಟ್ಟಗೆ ದಡ ಮುಟ್ಟಿಸಲಿ ಅಂತ ಅಮ್ಮ ದಿನಾ ಊಟಕ್ಕೆ ಮುಂಚೆ ಹೇಳಿಕೊಳ್ಳುತ್ತಾಳೆ, ನಾನೂ ತಲೆ ತಗ್ಗಿಸಿ ಕೂರುತ್ತೇನೆ. ಸುಟ್ಟ ಕೈಗೆ ಬೆಣ್ಣೆ ಹಚ್ಚಬೇಡ, ಮುಲಾಮು ಹಚ್ಚು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ.

ನಿನ್ನ ತಮ್ಮ,
ವೆಸ್ ಹುದಾಕ್

ಮರೆತದ್ದು: ಅಂಚೆಯವನ ಡಬ್ಬಿಗೆ ಹಾಕುವ ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬರೆಯುವುದಿಲ್ಲ. ಮೆನ್ನೋ ಮನೆಯಿಂದ ಬರುವಾಗ ಕ್ವಾರಿಯ ಹತ್ತಿರ ನನ್ನ ಪಿಕಪ್ ನಿಲ್ಲಿಸಿದೆ. ಕೋವಿ ಪಕ್ಕದ ಸೀಟಿನಲ್ಲಿತ್ತು. ಬಹಳ ಹೊತ್ತು ಕೂತಿದ್ದೆ. ಜಿಂಕೆಯ ಬಗ್ಗೆ ಯೋಚಿಸುತ್ತಿರಲಿಲ್ಲ ಅಕ್ಕಾ. ಆಮೇಲೆ ಹಾಲಿನ ಲಾರಿಯವನು ಹಿಂದೆ ನಿಂತು ಹಾರ್ನ್ ಹೊಡೆದ, ದಾರಿ ಬಿಡಬೇಕಾಯಿತು, ಮನೆಗೆ ಬಂದೆ. ನೀನು ಅವರಿಗೆಲ್ಲ ಫೋನ್ ಮಾಡಿದ್ದು ತಪ್ಪಲ್ಲ. ಈ ಕೋವಿಯಲ್ಲಿ ನಳಿಗೆಯ ಕೆಳಗೆ ಕೈ ಹಿಡಿಯುವ ಒಂದು ಮರದ ತುಂಡು ಇರುತ್ತದೆ, ಒಂದು ತಿರುಪು ಬಿಚ್ಚಿದರೆ ಬರುತ್ತದೆ, ಅದಿಲ್ಲದಿದ್ದರೆ ಕೋವಿ ಕೋವಿಯಾಗಿ ನಿಲ್ಲುವುದಿಲ್ಲ. ಗುರುವಾರದಿಂದ ಅದು ಸ್ಟೂಷ್ ಮಾಮನ ಹತ್ತಿರ ಇರುತ್ತದೆ. ಬೆಳಿಗ್ಗೆ ಕೊಡುತ್ತಾನೆ, ಕತ್ತಲಾಗುವಾಗ ಕೈ ಚಾಚುತ್ತಾನೆ, ನಾನು ಬಿಚ್ಚಿ ಕೊಡುತ್ತೇನೆ. ಬೇಟೆ ಮುಗಿದ ಮೇಲೆ ನಾನು ಹೋಗಿ ಕೇಳಬಹುದು, ಸಿಟ್ಟು ಮಾಡಬಹುದು, ಬೈಯಬಹುದು. ಆಗಲೂ ಕೊಡಬೇಡ ಅಂತ ಅವನಿಗೆ ನೀನು ಹೇಳು, ನನ್ನ ಬಾಯಿಂದ ಬರುತ್ತಿಲ್ಲ. ಅವನಿಗೆ ಫೋನ್ ಆಮೇಲೆ ಮಾಡು. ಮುಂದಿನ ಬಂದರು ಯಾವುದೇ ಇರಲಿ, ಮೊದಲು ನನಗೆ ಮಾಡು. ಎತ್ತುತ್ತೇನೆ.